ಹತ್ತು ಗಂಟೆಯ ಸಂಜೆ

ನಮ್ಮ ಬೇಸಿಗೆ ರಜೆಗೂ ಫ್ರಾನ್ಸಿನ ಬೇಸಿಗೆ ರಜೆಗೂ ಜಾತಕ ಕೂಡಿಬರುವುದಿಲ್ಲ. ಇಲ್ಲಿ ಏಪ್ರಿಲ್‌ನಲ್ಲಿ ಮುಚ್ಚಿದ ಶಾಲೆ ಮಾವು ಹಲಸಿನ ಕಾಲ ಮುಗಿಯುವುದರೊಳಗೆ, ಮುಂಗಾರಿನ ಮೊದಲ ಹನಿಗೆ, ಬಾಗಿಲು ತೆರೆದುಬಿಡುತ್ತದೆ. ಅಲ್ಲಿ ಜುಲೈ ಮೊದಲ ವಾರ ಮುಚ್ಚಿದರೆ ಮತ್ತೆ ಗಂಟೆ ಬಾರಿಸುವುದು ಸೆಪ್ಟೆಂಬರ್ ಹುಟ್ಟುವ ಹೊತ್ತಿಗೆ. ಹೀಗಾಗಿ ನನ್ನ ತಂಗಿಯ ಮಕ್ಕಳು ರಜೆಗೆಂದು ಸಕಲೇಶಪುರಕ್ಕೆ ಬಂದಾಗಲೆಲ್ಲ ಪುನರ್ವಸು ಮಳೆ ಜಡಿದು ಹಿಡಿದಿರುತ್ತಿತ್ತು. ಓರಗೆಯ ಮಕ್ಕಳೆಲ್ಲ ಶಾಲೆಯಲ್ಲಿ. ಇವರಿಬ್ಬರು ಕಿಟಕಿಗೆ ಮೂಗು ಒತ್ತಿಕೊಂಡು, ಪಾಚಿಗಟ್ಟಿದ ಅಂಗಳ ನೋಡುತ್ತ, ಒಣಗದ ಬಟ್ಟೆಯ ಮುಗ್ಗಲು ವಾಸನೆಯಲ್ಲಿ ಕೂತಿರಬೇಕು. ಪಾಪ ಅನ್ನಿಸುತ್ತಿತ್ತು.

ಬ್ಯಾಂಕಿನ ನೌಕರಿಯಿಂದ ನಿವೃತ್ತಿಯಾದ ಮೇಲೆ ನಾನು ಈ ಲೆಕ್ಕವನ್ನು ತಿರುವಿಹಾಕಿದೆ. ಆರಿದ್ರೆ ಮಳೆ ಕಾಲಿಡುತ್ತಿದ್ದ ಹಾಗೆ ತೋಟವನ್ನು ತಮ್ಮನ ಸುಪರ್ದಿಗೆ ಬಿಟ್ಟು ನಾನೇ ತುಲೂಸಿಗೆ ಹೊರಡುತ್ತೇನೆ. ಮಕ್ಕಳು ಅಜ್ಜಿ ಮನೆಗೆ ಬರುವ ಬದಲು ದೊಡ್ಡಮ್ಮನೇ ಮಕ್ಕಳ ಮನೆಗೆ ಹೋಗುವುದು. ಇದರಲ್ಲಿ ನನ್ನ ಸ್ವಾರ್ಥವೂ ಸೇರಿದೆ: ಮಳೆಗಾಲವನ್ನು ಬಿಸಿಲಿನಲ್ಲಿ ಕಳೆಯುವ ಯೋಗ ಮಲೆನಾಡಿನವರಿಗೆ ಬೇರೆ ಹೇಗೆ ಬರಬೇಕು?

ತುಲೂಸ್ ಫ್ರಾನ್ಸಿನ ನೈರುತ್ಯ ಮೂಲೆಯ ಊರು. ಗರೊನ್ ನದಿಯ ದಂಡೆಯಲ್ಲಿದೆ. ಸುತ್ತಮುತ್ತ ಒಳ್ಳೆಯ ಕಲ್ಲು ಸಿಗದ ಕಾರಣ ಚರ್ಚಿನಿಂದ ಹಿಡಿದು ಶ್ರೀಮಂತರ ಮಹಲಿನವರೆಗೆ ಎಲ್ಲವನ್ನೂ ಇಟ್ಟಿಗೆಯಲ್ಲೇ ಎಬ್ಬಿಸಿದ್ದಾರೆ. ಬೆಳಿಗ್ಗೆ ತಿಳಿಗೆಂಪಾಗಿರುವ ಗೋಡೆ ಸಂಜೆಗೆ ಕಡುಗೆಂಪಾಗುತ್ತದೆ, ಅದಕ್ಕೇ ಅದು ಗುಲಾಬಿ ನಗರ. 1969ರ ಮಾರ್ಚ್ 2ರಂದು ಕಾಂಕಾರ್ಡ್ ವಿಮಾನ ಮೊದಲ ಸಲ ನೆಲ ಬಿಟ್ಟು ಎದ್ದದ್ದು ಇಲ್ಲಿ. ಏರ್‌ಬಸ್‌ನ ಮುಖ್ಯ ಠಾಣೆಯೂ ಇಲ್ಲೇ. ಬೆಂಗಳೂರಿನಲ್ಲಿ ಕಂಪ್ಯೂಟರಿನ ಮುಂದೆ ಕೂತು ವಿಮಾನದ ರೆಕ್ಕೆಯ ಲೆಕ್ಕ ಹಾಕುವ ಹುಡುಗರಲ್ಲಿ ಕೆಲವರು ಒಂದಲ್ಲ ಒಂದು ದಿನ ಇಲ್ಲಿಗೆ ಬಂದು ಸೇರುತ್ತಾರೆ. ನನ್ನ ತಂಗಿಯ ಗಂಡ ಬಂದದ್ದೂ ಹಾಗೆಯೇ. ಎರಡು ವರ್ಷದ ಕೆಲಸ ಎಂದು ಬಂದವರು, ಈಗ ಮಗಳಿಗೆ ಮೀಸೆ ಚಿಗುರಿದ ಗೆಳೆಯರಿದ್ದಾರೆ.

ನೆಂಟರ ಮನೆಗೆ ಹೋಗುವುದಕ್ಕೆ ಪುರಸಭೆಯ ಅಪ್ಪಣೆ ಬೇಕು ಎಂದಿದ್ದರೆ ನಮ್ಮಜ್ಜಿ ನಂಬುತ್ತಿರಲಿಲ್ಲ. ಫ್ರಾನ್ಸಿನಲ್ಲಿ ಬೇಕು. ಹೊರದೇಶದ ನೆಂಟರನ್ನು ಮನೆಯಲ್ಲಿ ಉಳಿಸಿಕೊಳ್ಳುವವರು ತಮ್ಮ ಊರಿನ ಮೇಯರ್ ಕಚೇರಿಗೆ ಹೋಗಿ, ಶುಲ್ಕ ಕಟ್ಟಿ, ಇವರಿಗೆ ನಮ್ಮ ಮನೆಯಲ್ಲಿ ಜಾಗವಿದೆ ಎಂದು ಪ್ರಮಾಣಪತ್ರ ಮಾಡಿಸಬೇಕು. ಮನೆ ಎಷ್ಟು ದೊಡ್ಡದು, ಅದರಲ್ಲಿ ಎಷ್ಟು ಜನ ಇದ್ದೀರಿ ಎಂದೆಲ್ಲ ಕೇಳುತ್ತಾರಂತೆ. ಮದುವೆಗೆ ಬಂದ ಇಡೀ ದಿಬ್ಬಣವನ್ನು ಜಗಲಿಯ ಮೇಲೆ ಜಮಖಾನ ಹಾಸಿ ಮಲಗಿಸಿದ ವಂಶದವರು ನಾವು. ಯಾವ ಮೇಯರೂ ಚದರ ಮೀಟರ್ ಕೇಳಲಿಲ್ಲ. ಇರಲಿ. ಆ ಕಾಗದದ ಮೇಲೆ 30,000 ಯೂರೋಗೆ ಕಡಿಮೆಯಿಲ್ಲದ ವಿಮೆ ಮಾಡಿಸಿ, ವೀಸಾ ಬರುವಷ್ಟರಲ್ಲಿ ನಾನು ಸಂಡಿಗೆ ಒಣಗಿಸಿಕೊಂಡಿರುತ್ತೇನೆ.

ಸಂಡಿಗೆಗೆ ಯಾರ ಅಡ್ಡಿಯೂ ಇಲ್ಲ. ಮಾವಿನಹಣ್ಣಿಗೆ ಮತ್ತು ಕರಿಬೇವಿಗೆ ಇದೆ. ಸಸ್ಯರೋಗವಿಲ್ಲ ಎಂಬ ಸರ್ಟಿಫಿಕೇಟ್ ಇಲ್ಲದೆ ಅವು ಯುರೋಪಿನ ಒಳಗೆ ಕಾಲಿಡುವ ಹಾಗಿಲ್ಲ. ತುಪ್ಪ ಹಾಲಿನ ಬಾಬತ್ತು, ಅದೂ ಇಲ್ಲ. ಅದೇ ಬಾಳೆಹಣ್ಣು, ಅನಾನಸು, ತೆಂಗಿನಕಾಯಿ, ಖರ್ಜೂರ, ದೂರಿಯನ್ ಇವು ಐದಕ್ಕೆ ಮಾತ್ರ ಸರ್ಟಿಫಿಕೇಟ್ ಬೇಡವಂತೆ. ಪೂಜೆ ಸಾಮಾನಿನ ಪಟ್ಟಿಯನ್ನು ಮುಂದಿಟ್ಟುಕೊಂಡು ಈ ಕಾನೂನು ಬರೆದವರು ಯಾರೋ ನಮ್ಮವರೇ ಇರಬೇಕೆಂದು ನನಗೆ ಗುಮಾನಿ. ದೂರಿಯನ್ ಒಂದೇ ಲೆಕ್ಕ ತಪ್ಪಿಸುತ್ತದೆ.

ಪ್ಯಾರಿಸ್ಸಿನ ಮೊಂಪರ್ನಾಸ್ ನಿಲ್ದಾಣದಿಂದ ತುಲೂಸಿಗೆ ವೇಗದ ರೈಲು ನಾಲ್ಕು ಗಂಟೆಗೆ ಸ್ವಲ್ಪ ಮೇಲೆ ತೆಗೆದುಕೊಳ್ಳುತ್ತದೆ. ಆ ಪ್ರಯಾಣದ ಬಗ್ಗೆ ಹೇಳುವಂಥದ್ದೇನಿಲ್ಲ, ಬಹುಪಾಲು ನಿದ್ದೆ ಮಾಡಿರುತ್ತೇನೆ.

ಮನೆ ತಲುಪಿದ ಮೇಲೆ ಗೊಂದಲ ಶುರುವಾಗುವುದು ಸಂಜೆಯಿಂದ. ಜೂನ್ ಕೊನೆಯಲ್ಲಿ ತುಲೂಸಿನಲ್ಲಿ ಸೂರ್ಯ ಮುಳುಗುವುದು ರಾತ್ರಿ ಒಂಬತ್ತೂವರೆ ದಾಟಿದ ಮೇಲೆ. ಮುಳುಗಿದ ಮೇಲೂ ಬೆಳಕು ಜಾಗ ಖಾಲಿ ಮಾಡುವುದಿಲ್ಲ. ಹತ್ತು ಹೊಡೆದರೂ ಹಿತ್ತಲಲ್ಲಿ ಕೂತು ಪೇಪರ್ ಓದಬಹುದು. ಏಳು ಗಂಟೆಗೆ, ಅಂದರೆ ನಮ್ಮಲ್ಲಿ ದೀಪ ಹಚ್ಚಿ ಕೈಕಾಲು ತೊಳೆದು ಕೂರುವ ಹೊತ್ತಿಗೆ, ಅಲ್ಲಿ ಬಿಸಿಲು ಕಣ್ಣು ಕುಕ್ಕುತ್ತಿರುತ್ತದೆ. ತಂಗಿ ದೇವರ ದೀಪವನ್ನು ಗಡಿಯಾರ ನೋಡಿ ಹಚ್ಚುತ್ತಾಳೆ. ಪಶ್ಚಿಮದ ಕಿಟಕಿಯ ಬಿಸಿಲು ನೇರ ದೇವರ ಮೇಲೆ ಬಿದ್ದಿರುತ್ತದೆ. ಆ ಬೆಳಕಿನಲ್ಲಿ ಬತ್ತಿಯ ತುದಿಯ ಉರಿ ಕಾಣಿಸುವುದೇ ಇಲ್ಲ. ಚಿಕ್ಕವನು ಹತ್ತಿರ ಹೋಗಿ ಬೆರಳು ತಂದು ನೋಡಿ, "ಹೂಂ, ಉರೀತಿದೆ ದೊಡ್ಡಮ್ಮಾ" ಎಂದು ಖಾತರಿ ಕೊಡಬೇಕು.

ಈ ಉದ್ದದ ಸಂಜೆ ಸೂರ್ಯನೊಬ್ಬನ ಕೊಡುಗೆಯಲ್ಲ. ತುಲೂಸಿನ ರೇಖಾಂಶ ಗ್ರೀನಿಚ್‌ಗೆ ಬಲು ಹತ್ತಿರ. ನ್ಯಾಯವಾಗಿ ಅವರ ಗಡಿಯಾರ ಲಂಡನ್ನಿನ ಮೂಲ ಕಾಲಮಾನಕ್ಕೆ ಹೊಂದಿಕೊಂಡಿರಬೇಕು. ಯುದ್ಧಕ್ಕೆ ಮುಂಚೆ ಹಾಗೇ ಇತ್ತು. 1940ರಲ್ಲಿ ಜರ್ಮನ್ ಸೈನ್ಯ ಫ್ರಾನ್ಸನ್ನು ಹಿಡಿದಾಗ ಬರ್ಲಿನ್ನಿನ ಗಂಟೆಯೂ ಜೊತೆಗೆ ಬಂತು. ಸೈನ್ಯ ವಾಪಸಾಯಿತು, ಗಂಟೆ ಉಳಿದುಕೊಂಡಿತು. ಆಮೇಲೆ ತೈಲ ಬಿಕ್ಕಟ್ಟಿನ ದೆಸೆಯಿಂದ ದೀಪದ ಖರ್ಚು ಉಳಿಸಲೆಂದು 1976ರಲ್ಲಿ ಬೇಸಿಗೆಗೆ ಇನ್ನೊಂದು ಗಂಟೆ ಮುಂದಕ್ಕೆ ತಳ್ಳಿದರು. ಹೀಗೆ ಎರಡು ಸಲ ತಳ್ಳಿಸಿಕೊಂಡ ಗಡಿಯಾರದಲ್ಲಿ ನಡುಮಧ್ಯಾಹ್ನದ ಸೂರ್ಯ ನೆತ್ತಿಗೆ ಬರುವುದು ಹೆಚ್ಚುಕಮ್ಮಿ ಎರಡು ಗಂಟೆಗೆ. ಯುದ್ಧ, ಪೆಟ್ರೋಲು ಇವೆರಡರಿಂದ ಮನುಷ್ಯನಿಗೆ ಆದ ಉಪಕಾರ ಎಂದರೆ ನನ್ನ ಮಟ್ಟಿಗೆ ಇದೊಂದೇ.

ನಮ್ಮ ಪಂಚಾಂಗವೂ ಅಲ್ಲಿ ಹಿಗ್ಗುತ್ತದೆ. ಹಗಲನ್ನು ಎಂಟು ಪಾಲು ಮಾಡಿ ಒಂದು ಪಾಲನ್ನು ರಾಹುವಿಗೆ ಕೊಡುವುದಲ್ಲವೆ? 15 ಗಂಟೆಗೂ ಮೀರಿದ ಹಗಲಾದರೆ ರಾಹುಕಾಲವೂ ಎರಡು ಗಂಟೆಯ ಹತ್ತಿರ ಹತ್ತಿರ. ಇದನ್ನು ನಾನು ಕಾಗದದ ಮೇಲೆ ಬರೆದು ತೋರಿಸಿದಾಗ ತಂಗಿಯ ಗಂಡ, "ಅತ್ತಿಗೆ, ನಮ್ಮ ಆಫೀಸಿನ ಮೀಟಿಂಗಿಗೆ ಸರಿಹೋಗುತ್ತೆ ಬಿಡಿ" ಎಂದರು.

ಬೆಳಗಿನ ಹೊತ್ತು ಮನೆಯನ್ನು ಬಿಸಿಲಿನಿಂದ ಕಾಪಾಡುವುದೇ ಒಂದು ಕೆಲಸ. ಜುಲೈಯಲ್ಲಿ ಅಲ್ಲಿ ಒಮ್ಮೊಮ್ಮೆ ನಲವತ್ತು ಡಿಗ್ರಿಯ ಹತ್ತಿರ ಹೋಗುತ್ತದೆ, ಎಷ್ಟೋ ಮನೆಗಳಲ್ಲಿ ಏಸಿ ಇಲ್ಲ, ಫ್ಯಾನು ಕೂಡ ಇಲ್ಲ. ಅವರ ಉಪಾಯವೆಂದರೆ ಕಿಟಕಿಗೆ ಹೊರಗಡೆಯಿಂದ ಹಾಕುವ ಮರದ ಬಾಗಿಲು. ರಾತ್ರಿಯೆಲ್ಲ ತೆರೆದಿಟ್ಟು ತಂಪನ್ನು ಒಳಗೆ ಬಿಟ್ಟುಕೊಂಡು, ಬೆಳಿಗ್ಗೆ ಹತ್ತರೊಳಗೆ ಎಲ್ಲವನ್ನೂ ಎಳೆದು ಮುಚ್ಚಬೇಕು. ಬೀದಿಯುದ್ದಕ್ಕೂ ಆ ಹೊತ್ತಿನಲ್ಲಿ ಟಪ್, ಟಪ್ ಎಂದು ಸದ್ದು. ಹಾಡುಹಗಲೇ ಮನೆಯನ್ನು ಕತ್ತಲು ಮಾಡಿಕೊಂಡು ಕೂರುವುದು ನನಗೆ ಮೊದಮೊದಲು ಸೂತಕದ ಮನೆಯ ನೆನಪು ತರುತ್ತಿತ್ತು. ಈಗ ಆ ಕತ್ತಲೆಯೇ ರುಚಿಸುತ್ತದೆ. ಎರಡು ಹಲಗೆಯ ಸಂದಿಯಿಂದ ಒಂದು ಗೆರೆ ಬಿಸಿಲು ಒಳಗೆ ಬಂದು ಕೆಂಪು ಹಾಸುಬಿಲ್ಲೆಯ ಮೇಲೆ ಬೀಳುತ್ತದೆ. ನಾನು ಊಟ ಮಾಡಿ ಅಡ್ಡಾದಾಗ ಅದು ಮೇಜಿನ ಕಾಲಿನ ಹತ್ತಿರ ಇರುತ್ತದೆ. ಎದ್ದಾಗ ಗೋಡೆ ಹತ್ತಿರುತ್ತದೆ. ನಿದ್ದೆ ಎಷ್ಟಾಯಿತು ಎಂದು ಅದನ್ನು ನೋಡಿಯೇ ಹೇಳುತ್ತೇನೆ.

ಬ್ರೆಡ್ ತರುವ ಕೆಲಸ ನನ್ನದೂ ಚಿಕ್ಕವನದೂ. ಬಾಗೆತ್‌ಗಳಲ್ಲಿ ಎರಡು ಬಗೆ. ಸಾದಾ ಒಂದು, 'ಟ್ರಡಿಸಿಯೋಂ' ಇನ್ನೊಂದು. ಎರಡನೆಯದಕ್ಕೆ 1993ರಲ್ಲಿ ಸರ್ಕಾರ ಕಟ್ಟಳೆಯನ್ನೇ ಹೊರಡಿಸಿದೆ: ಹಿಟ್ಟನ್ನು ಯಾವ ಹಂತದಲ್ಲೂ ಫ್ರೀಜರಿನಲ್ಲಿ ಇಟ್ಟಿರಬಾರದು, ರಾಸಾಯನಿಕ ಸೇರಿಸಬಾರದು. 2022ರಲ್ಲಿ ಯುನೆಸ್ಕೊ ಬಾಗೆತ್ ಮಾಡುವ ಕಸುಬನ್ನು ತನ್ನ ಪಟ್ಟಿಗೆ ಸೇರಿಸಿಕೊಂಡಿತು. ಇಷ್ಟೆಲ್ಲ ಮರ್ಯಾದೆ ಪಡೆದ ರೊಟ್ಟಿಯನ್ನು ಅಂಗಡಿಯಾಕೆ ನಡುವಿಗೆ ಮಾತ್ರ ಒಂದು ಚೂರು ಕಾಗದ ಸುತ್ತಿ ಕೈಗೆ ಕೊಡುತ್ತಾಳೆ. ಎರಡು ತುದಿಯೂ ಬತ್ತಲೆ. ಬಿಸಿ ಇರುವಾಗ ಕಿವಿ ಹತ್ತಿರ ಹಿಡಿದರೆ ಸಿಪ್ಪೆ ಚಿಟಚಿಟ ಎನ್ನುವುದು ಕೇಳುತ್ತದೆ. ತುದಿ ಮುರಿದು ಬಾಯಿಗೆ ಹಾಕಿಕೊಳ್ಳದೆ ಮನೆ ತಲುಪಿದ ಮಗು ಆ ದೇಶದಲ್ಲಿ ಹುಟ್ಟಿಲ್ಲ. ಒಂದು ತುದಿ ಚಿಕ್ಕವನಿಗೆ. ಇನ್ನೊಂದು ತುದಿ ಏನಾಯಿತು ಎಂದು ತಂಗಿ ಕೇಳುವುದಿಲ್ಲ. ಉಳಿದದ್ದನ್ನು ರಾತ್ರಿ ಹುರುಳಿಕಟ್ಟಿನ ಸಾರಿನಲ್ಲಿ ಅದ್ದಿಕೊಂಡು ತಿನ್ನುತ್ತೇವೆ. ಅಕ್ಕಿರೊಟ್ಟಿಗಿಂತ ಚೆನ್ನಾಗಿ ಸಾರು ಹೀರುತ್ತದೆ. ಊರಲ್ಲಿ ಈ ಮಾತು ಹೇಳುವ ಧೈರ್ಯ ನನಗಿಲ್ಲ.

ಆಗಸ್ಟ್ ಬಂದೊಡನೆ ಆ ಅಂಗಡಿಯ ಗಾಜಿನ ಮೇಲೆ ಒಂದು ಕೈಬರಹದ ಚೀಟಿ: ಇಂಥ ತಾರೀಖಿನಿಂದ ಇಂಥ ತಾರೀಖಿನವರೆಗೆ ರಜೆ. ಮೂರು ವಾರ! ವ್ಯಾಪಾರ ಭರ್ತಿ ಇರುವ ಅಂಗಡಿ, ಮೂರು ವಾರ ಬೀಗ. ಪ್ಯಾರಿಸ್ಸಿನಲ್ಲಿ ಬೇಕರಿಯವರು ಒಟ್ಟೊಟ್ಟಿಗೆ ರಜೆ ಹಾಕಿ ಊರಿಗೆ ಬ್ರೆಡ್ಡಿಲ್ಲದ ಹಾಗಾಗಬಾರದೆಂದು, ಅರ್ಧ ಮಂದಿ ಜುಲೈ, ಅರ್ಧ ಮಂದಿ ಆಗಸ್ಟ್ ಎಂದು ಸರ್ಕಾರವೇ ಸರದಿ ಹಂಚುತ್ತಿತ್ತು. 2014ರ ತನಕವೂ ಆ ಕಾನೂನು ಇತ್ತು. ರಜೆ ಅಲ್ಲಿ ಯಾರೋ ದೊಡ್ಡ ಮನಸ್ಸು ಮಾಡಿ ಕೊಡುವ ವಸ್ತುವಲ್ಲ. 1936ರಲ್ಲಿ ಲಿಯೋಂ ಬ್ಲುಮ್ ಸರ್ಕಾರ ಬಂದ ಹೊಸತರಲ್ಲಿ ಕಾರ್ಖಾನೆಗಳೆಲ್ಲ ಮುಷ್ಕರ ಹೂಡಿ ಪಡೆದದ್ದು ಎರಡು ವಾರದ ಸಂಬಳಸಹಿತ ರಜೆ. ಸಮುದ್ರವನ್ನೇ ನೋಡದಿದ್ದ ಕೂಲಿಗಳು ಆ ಬೇಸಿಗೆ ರಿಯಾಯಿತಿ ಟಿಕೆಟಿನಲ್ಲಿ ರೈಲು ಹತ್ತಿ, ಸೈಕಲ್ ತುಳಿದು, ಸಮುದ್ರ ನೋಡಿಬಂದರು. ಮುಂದೆ ಅದು ಮೂರು, ನಾಲ್ಕು, 1982ರಲ್ಲಿ ಐದು ವಾರವಾಯಿತು. ಅಷ್ಟು ಹೋರಾಡಿ ಗಳಿಸಿದ್ದನ್ನು ಬಿಟ್ಟುಕೊಡುವುದೆಂದರೆ ಅವರಿಗೆ ಅಜ್ಜನ ಆಸ್ತಿ ಮಾರಿದ ಹಾಗೆ. ತಂಗಿಯ ಗಂಡ ಮೊದಲ ವರ್ಷ ಬೇಸಿಗೆಯಲ್ಲಿ ಒಂದು ವಾರ ಮಾತ್ರ ರಜೆ ಹಾಕಿದಾಗ, ಮನೆಯಲ್ಲಿ ಏನಾದರೂ ತೊಂದರೆಯೇ ಎಂದು ಸಹೋದ್ಯೋಗಿಗಳು ಮೆಲ್ಲಗೆ ವಿಚಾರಿಸಿದರಂತೆ.

ಆದರೆ ಆ ರಜೆಗೆ ಹೊರಡುವ ಪರಿ ನೋಡಿದರೆ ನನಗೆ ಸುಸ್ತಾಗುತ್ತದೆ. ಜುಲೈನವರು ಹಿಂತಿರುಗುವ, ಆಗಸ್ಟಿನವರು ಹೊರಡುವ ಶನಿವಾರ ದೇಶದ ಹೆದ್ದಾರಿಯೆಲ್ಲ ಗಿಜಿಗಿಜಿ. ರಸ್ತೆ ಸಂಚಾರಕ್ಕೆಂದೇ 1976ರಿಂದ ಬೀಸೋಂ ಫ್ಯುತೆ ಎಂಬ ಸರ್ಕಾರಿ ಮುನ್ಸೂಚನೆ ಇದೆ. ಹಸಿರು, ಕಿತ್ತಳೆ, ಕೆಂಪು, ಕಪ್ಪು ಎಂದು ದಿನಕ್ಕೊಂದು ಬಣ್ಣ ಹಚ್ಚಿ ಮೊದಲೇ ಪಟ್ಟಿ ಕೊಡುತ್ತಾರೆ. ಈ ಶನಿವಾರ ಕಪ್ಪು, ಹೊರಡಬೇಡಿ ಎಂದು ರೇಡಿಯೋ ಹೇಳುತ್ತದೆ. ಎಲ್ಲರೂ ಹೊರಡುತ್ತಾರೆ. ಬಿಸಿಲಿನಲ್ಲಿ ಬಂಪರಿಗೆ ಬಂಪರ್ ತಾಗಿಸಿಕೊಂಡು ನಿಂತು, ಸಮುದ್ರತೀರ ತಲುಪಿ, ಅಲ್ಲಿ ಚಾಪೆಗೆ ಚಾಪೆ ತಾಗಿಸಿಕೊಂಡು ಮಲಗುತ್ತಾರೆ. ನನಗೆ ಹಿಡಿಸಿದ್ದು ಹಿಂದೆ ಉಳಿದ ಊರು. ಆಗಸ್ಟಿನ ತುಲೂಸಿನಲ್ಲಿ ಪಾರಿವಾಳಗಳಿಗೂ ಬೀದಿ ದಾಟಲು ಪುರುಸೊತ್ತಿದೆ.

ಭಾನುವಾರ ಬೆಳಿಗ್ಗೆ ಮಾತ್ರ ನಾನು ಎಲ್ಲರಿಗಿಂತ ಮೊದಲು ಎದ್ದು ಚೀಲ ಹಿಡಿದು ನಿಲ್ಲುತ್ತೇನೆ. ಸೇಂತ್ ಒಬೇಂ ಎಂಬ ಚರ್ಚಿನ ಸುತ್ತ ಸಂತೆ ನೆರೆಯುತ್ತದೆ. ಇಟ್ಟಿಗೆಯ ಚರ್ಚು, ಅದರ ಸುತ್ತ ಮರಗಳು, ಮರದ ಕೆಳಗೆ ಹಣ್ಣು. ಚೆರ್ರಿಯ ಕಾಲ ಮುಗಿಯುತ್ತ ಬಂದಿರುತ್ತದೆ. ಏಪ್ರಿಕಾಟಿನ ಕಾಲ ತುಂಬಿ ಬಂದಿರುತ್ತದೆ. ನಮ್ಮಲ್ಲಿ ಒಣಗಿ ಡಬ್ಬಿಯಲ್ಲಿ ಬರುವ ಆ ಹಣ್ಣಿಗೆ ಇಷ್ಟು ರಸವಿದೆಯೆಂದು ಯಾರು ಕಂಡಿದ್ದರು? ಒಂದು ಕೆನ್ನೆ ಹಳದಿ, ಬಿಸಿಲು ಬಿದ್ದ ಕೆನ್ನೆಯಲ್ಲಿ ಕೆಂಪು ಚುಕ್ಕೆ. ಎರಡು ಹೆಬ್ಬೆರಳಿನಿಂದ ಗೀರಿನ ಗುಂಟ ಒತ್ತಿದರೆ ಸಲೀಸಾಗಿ ಹೋಳಾಗಿ ಬೀಜ ಒಂದು ಕಡೆ ಉಳಿಯುತ್ತದೆ. ಚಪ್ಪಟೆ ಪೀಚ್ ಹಣ್ಣೂ ಸಿಗುತ್ತದೆ, ಯಾರೋ ಅದರ ಮೇಲೆ ಕೂತು ಎದ್ದಿರಬೇಕು ಎಂಬ ಆಕಾರ.

ನನ್ನ ಮೆಚ್ಚಿನ ಅಂಗಡಿ ಕರ್ಬೂಜದವನದು. ಕೆರ್ಸಿ ಸೀಮೆಯ ಕರ್ಬೂಜ, ತೆಂಗಿನಕಾಯಿಯ ಗಾತ್ರ, ಹೊರಗೆ ಬೂದು ಹಸಿರು, ಒಳಗೆ ಕೇಸರಿ. ಅವನ ರಾಶಿಗೆ ನಾವು ಕೈ ಹಾಕುವ ಹಾಗಿಲ್ಲ. ಹಾಕಿದರೆ ಹುಬ್ಬು ಮೇಲಾಗುತ್ತದೆ. "ಇವತ್ತಿಗೋ, ನಾಳೆಗೋ?" ಎಂದು ಕೇಳುತ್ತಾನೆ. ಇವತ್ತಿಗೆ ಎಂದರೆ ಸಾಲದು; ಮಧ್ಯಾಹ್ನಕ್ಕೋ, ರಾತ್ರಿಗೋ ಹೇಳಬೇಕು. ಆಮೇಲೆ ಒಂದನ್ನು ಎತ್ತಿ ಭಾರ ನೋಡುತ್ತಾನೆ, ತಿರುಗಿಸಿ ತೊಟ್ಟು ನೋಡುತ್ತಾನೆ. ತೊಟ್ಟಿನ ಸುತ್ತ ಸಣ್ಣ ಬಿರುಕು ಬಿಟ್ಟು ಒಂದು ಹನಿ ಅಂಟು ಕಾಣಿಸಿದರೆ ಅದು ಮಧ್ಯಾಹ್ನದ ಹಣ್ಣು. ಬಿರುಕು ಇನ್ನೂ ಉಂಗುರ ಸುತ್ತಿರದಿದ್ದರೆ ರಾತ್ರಿಗೆ. ಕೊನೆಗೆ ತಳವನ್ನು ಮೂಗಿಗೆ ಹಿಡಿದು ಕಣ್ಣು ಮುಚ್ಚುತ್ತಾನೆ. ಹಿಂದೆ ಸಾಲು ಬೆಳೆದಿರುತ್ತದೆ, ಯಾರೂ ಗೊಣಗುವುದಿಲ್ಲ; ತಮ್ಮ ಸರದಿಯಲ್ಲೂ ಅವನು ಇಷ್ಟೇ ಹೊತ್ತು ಕಣ್ಣು ಮುಚ್ಚಬೇಕಲ್ಲ. ರಾತ್ರಿಗೆಂದು ಕೊಟ್ಟ ಹಣ್ಣನ್ನು ನಾವು ಒಮ್ಮೆ ಮಧ್ಯಾಹ್ನವೇ ಕತ್ತರಿಸಿದೆವು. ಚೆನ್ನಾಗಿತ್ತು. ಆದರೂ ಮುಂದಿನ ಭಾನುವಾರ ಅವನ ಮುಖ ನೋಡಲು ತಂಗಿಗೆ ಸಂಕೋಚ.

ಸಂತೆಯಿಂದ ಹಿಂದಿರುಗುವಾಗ ಹಳೆಯ ಊರಿನ ಒಳಗಿಂದ ಬರುತ್ತೇವೆ. ದಾರಿಯಲ್ಲಿ ಅಸೆಝಾ ಮಹಲು ಸಿಗುತ್ತದೆ. ಹದಿನಾರನೇ ಶತಮಾನದಲ್ಲಿ ಪಾಸ್ತೆಲ್ ಎಂಬ ಹಳದಿ ಹೂವಿನ ಗಿಡದ ಎಲೆಯಿಂದ ನೀಲಿ ಬಣ್ಣ ತೆಗೆದು ಮಾರಿ ಸಿರಿವಂತನಾದ ವ್ಯಾಪಾರಿಯೊಬ್ಬ ಕಟ್ಟಿಸಿದ್ದು. ಎಲೆಯನ್ನು ಅರೆದು, ಉಂಡೆ ಕಟ್ಟಿ, ಒಣಗಿಸಿ, ಮತ್ತೆ ಪುಡಿ ಮಾಡಿ ಕೊಳೆಸಿ, ತಿಂಗಳುಗಟ್ಟಲೆ ಕಾದು ತೆಗೆಯುವ ಬಣ್ಣ. ಆಮೇಲೆ ಹಡಗಿನಲ್ಲಿ ನಮ್ಮ ದೇಶದ ನೀಲಿ ಬಂತು. ಕಡಿಮೆ ಖರ್ಚಿಗೆ ಹೆಚ್ಚು ಗಾಢ ಬಣ್ಣ. ತುಲೂಸಿನ ಗಿಡ ಮೂಲೆ ಸೇರಿತು. ಈಗ ಅದೇ ಹಳೆಯ ಬಣ್ಣದಲ್ಲಿ ಅದ್ದಿದ ಕರವಸ್ತ್ರಗಳನ್ನು ಪ್ರವಾಸಿಗಳಿಗೆ ಮಾರುತ್ತಾರೆ. ಬೆಲೆ ಕೇಳಿ ನಾನು ಕೆಳಗಿಟ್ಟೆ. ನಮ್ಮಿಂದ ಅಂಗಡಿ ಮುಚ್ಚಿಸಿಕೊಂಡವರು ಈಗ ಸೇಡು ತೀರಿಸಿಕೊಳ್ಳುತ್ತಿದ್ದಾರೆ, ತೀರಿಸಿಕೊಳ್ಳಲಿ.

ಮಕ್ಕಳ ರಜೆಯೆಂದ ಮೇಲೆ ಎಲ್ಲಿಗಾದರೂ ಕರೆದುಕೊಂಡು ಹೋಗಲೇಬೇಕು. ಕಾರ್ಕಸೋನ್ ಕೋಟೆ ನೋಡಿದ್ದೇವೆ, ಆಲ್ಬಿಯ ಇಟ್ಟಿಗೆ ಚರ್ಚು ನೋಡಿದ್ದೇವೆ. ಅವುಗಳ ವರ್ಣನೆ ಎಲ್ಲ ಕಡೆ ಸಿಗುತ್ತದೆ. ನನಗೆ ಮತ್ತೆ ಮತ್ತೆ ಹೋಗಬೇಕೆನಿಸುವುದು ನೊರೂಝ್‌ಗೆ. ತುಲೂಸಿನಿಂದ ಆಗ್ನೇಯಕ್ಕೆ ಸುಮಾರು 50 ಕಿಲೋಮೀಟರ್. ನೋಡುವುದಕ್ಕೆ ಅಲ್ಲಿ ಏನೂ ಇಲ್ಲ ಎಂದು ದೊಡ್ಡವಳ ದೂರು. ಒಂದು ಕಾಲುವೆ, ಒಂದಿಷ್ಟು ಮರ.

ಆ ಕಾಲುವೆ ಕನಾಲ್ ದ್ಯು ಮಿದಿ. ತುಲೂಸಿನಿಂದ ಮೆಡಿಟರೇನಿಯನ್ ಸಮುದ್ರದವರೆಗೆ 240 ಕಿಲೋಮೀಟರ್. 1666ರಲ್ಲಿ ಶುರುವಾಗಿ 1681ರಲ್ಲಿ ಮುಗಿಯಿತು. ಮಾಡಿಸಿದವನು ಎಂಜಿನಿಯರ್ ಅಲ್ಲ, ಉಪ್ಪಿನ ತೆರಿಗೆ ವಸೂಲಿ ಮಾಡುತ್ತಿದ್ದ ಪಿಯೆರ್ ಪಾಲ್ ರಿಕೆ. ಅಟ್ಲಾಂಟಿಕ್, ಮೆಡಿಟರೇನಿಯನ್ ಎರಡು ಸಮುದ್ರಗಳ ನಡುವೆ ದಿಬ್ಬವಿದೆ. ನೀರು ದಿಬ್ಬ ಹತ್ತುವುದಿಲ್ಲ. ಹಾಗಾದರೆ ದಿಬ್ಬದ ತಲೆಗೇ ನೀರು ತರಬೇಕು. ಎಲ್ಲಿಂದ? ಇದೇ ಎಲ್ಲರನ್ನೂ ಸೋಲಿಸಿದ ಪ್ರಶ್ನೆ. ಕಪ್ಪುಬೆಟ್ಟದ ಹೊಳೆಗಳನ್ನು ತಡೆದು, ಸೇಂತ್ ಫೆರಿಯೋಲಿನಲ್ಲಿ ಕೆರೆ ಕಟ್ಟಿ, ತೋಡು ತೋಡಿ, ಆ ನೀರನ್ನು ರಿಕೆ ನೊರೂಝ್‌ನ ನೆತ್ತಿಗೆ ತಂದ. ಅಲ್ಲಿಂದ ಅದು ಇಬ್ಭಾಗ: ಒಂದು ಪಾಲು ಅಟ್ಲಾಂಟಿಕ್ ಕಡೆಗೆ, ಇನ್ನೊಂದು ಮೆಡಿಟರೇನಿಯನ್ ಕಡೆಗೆ. ತನ್ನ ದುಡ್ಡನ್ನೂ ಸುರಿದು ಸಾಲ ಮಾಡಿಕೊಂಡ ಮನುಷ್ಯ ಕಾಲುವೆ ತೆರೆಯುವ ಕೆಲವೇ ತಿಂಗಳ ಮೊದಲು ತೀರಿಕೊಂಡ.

ನನಗೆ ಆ ಜಾಗದ ಹುಚ್ಚು ಹಿಡಿಯಲು ಕಾರಣವಿದೆ. ನಮ್ಮ ಸಕಲೇಶಪುರ ಸೀಮೆಯ ಬಿಸಿಲೆ ಘಾಟಿಯ ಹತ್ತಿರ ಇಂಥದೇ ಒಂದು ನೆತ್ತಿಯಿದೆ. ಗುರುತಿಗೆ ಕಲ್ಲು ನೆಟ್ಟಿದ್ದಾರೆ. ಅದರ ಒಂದು ಮಗ್ಗುಲಿಗೆ ಬಿದ್ದ ಮಳೆ ಹೇಮಾವತಿ ಸೇರಿ, ಕಾವೇರಿಯಾಗಿ ಬಂಗಾಳಕೊಲ್ಲಿಗೆ; ಇನ್ನೊಂದು ಮಗ್ಗುಲಿನದು ಕುಮಾರಧಾರೆ, ನೇತ್ರಾವತಿಯಾಗಿ ಅರಬ್ಬೀ ಸಮುದ್ರಕ್ಕೆ. ನಾವು ಚಿಕ್ಕವರಿದ್ದಾಗ ಅಪ್ಪ ಅಲ್ಲಿ ಜೀಪು ನಿಲ್ಲಿಸಿ, ಕಲ್ಲಿನ ಆಚೆಗೊಮ್ಮೆ ಈಚೆಗೊಮ್ಮೆ ಎಲೆಅಡಿಕೆ ಉಗಿದು, "ಎರಡೂ ಸಮುದ್ರಕ್ಕೆ ಕಾಣಿಕೆ ಹಾಕಿದೆ ಕಣ್ರೇ" ಎಂದಿದ್ದರು. ನೊರೂಝ್‌ನ ದಂಡೆಯಲ್ಲಿ ಈ ಕತೆ ಹೇಳಿದಾಗ ಚಿಕ್ಕವನ ಮುಖ ಅರಳಿತು. ಉಗಿಯುವುದಕ್ಕೆ ಅವನ ಅಕ್ಕ ಬಿಡಲಿಲ್ಲ. ಎರಡು ಎಲೆ ಆರಿಸಿ, ಎರಡು ಕಡೆ ಬಿಟ್ಟ. ಎರಡೂ ಅಲ್ಲೇ ನಿಂತವು. ಕಾಲುವೆಯ ನೀರಿಗೆ ಅಂಥ ಅವಸರವಿಲ್ಲ. ಅವನಿಗೂ ಇರಲಿಲ್ಲ. ಬುತ್ತಿ ಬಿಚ್ಚಿ ಚಿತ್ರಾನ್ನ ತಿಂದು ಮುಗಿಸುವ ಹೊತ್ತಿಗೆ ಅಟ್ಲಾಂಟಿಕ್ಕಿನ ಎಲೆ ಒಂದು ಮಾರು ಮುಂದಿತ್ತು.

ಕಾಲುವೆಯ ದಂಡೆಯ ದೊಡ್ಡ ಪ್ಲಾಟಾನ್ ಮರಗಳಿಗೆ ಈಗ ಬೂಷ್ಟಿನ ರೋಗ ತಗುಲಿದೆ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯದ ಮದ್ದುಗುಂಡಿನ ಪೆಟ್ಟಿಗೆಯ ಮರದೊಳಗೆ ಕೂತು ಆ ಬೂಷ್ಟು ಯುರೋಪಿಗೆ ಬಂತು ಎನ್ನುತ್ತಾರೆ. ಕಾಲುವೆಗುಂಟ ಸುಮಾರು 42,000 ಮರಗಳಿದ್ದವು. ಸಾವಿರಾರು ಕಡಿದು ಸುಟ್ಟು, ಬೇರೆ ಜಾತಿಯ ಸಸಿ ನೆಡುತ್ತಿದ್ದಾರೆ. ಅಡಿಕೆಗೆ ಕೊಳೆ, ಕಾಫಿಗೆ ಬೋರರ್ ಕಂಡು ಬೆಳೆದವಳಿಗೆ ಆ ಬೋಳು ದಂಡೆಯನ್ನು ನೋಡಿ ಸುಮ್ಮನೆ ನಡೆದುಬಿಡಲಾಗುವುದಿಲ್ಲ.

ಮನೆಗೆ ಬಂದರೆ ಎಂಟು ಗಂಟೆ, ಇನ್ನೂ ಸಂಜೆಯ ಆರಂಭ. ಕಿಟಕಿ ಬಾಗಿಲುಗಳನ್ನೆಲ್ಲ ತೆಗೆದು, ಹಿತ್ತಲಿನ ಮೇಜಿಗೆ ನೀರು ಚಿಮುಕಿಸಿ ಒರೆಸಿ ಕೂರುತ್ತೇವೆ. ಇದರ ಮುಂದೆ ಕೋಟೆ ಕೊತ್ತಲ ಯಾವುದೂ ನನಗೆ ಹೆಚ್ಚಲ್ಲ. ಯಾರೂ ಯೋಜನೆ ಹಾಕಿರದ ಈ ಎರಡು ಗಂಟೆ, ಊಟಕ್ಕೂ ನಿದ್ದೆಗೂ ಸಿಕ್ಕದೆ ಉಳಿದುಹೋದದ್ದು. ನಾನು ಕಾಳು ಬಿಡಿಸುತ್ತೇನೆ. ದೊಡ್ಡವಳು ಕಿವಿಯ ವೈರು ತೆಗೆದು ಕೆಳಗಿಟ್ಟು, ನಮ್ಮ ಅಮ್ಮನ ಮದುವೆ ಹೇಗಾಯಿತು ಎಂದು ಕೇಳುತ್ತಾಳೆ. ಹಗಲಿನಲ್ಲಿ ಕೇಳಿದರೆ ಅವಳಿಗೆ ಸಮಯವಿಲ್ಲ, ಕತ್ತಲಾದ ಮೇಲೆ ನನಗೆ ನಿದ್ದೆ. ತಂಗಿ ಊರಿನ ಒಬ್ಬೊಬ್ಬರ ಸುದ್ದಿಯನ್ನೂ ಎತ್ತಿ ಆಡಿ ಮುಗಿಸುತ್ತಾಳೆ. ಆಕಾಶದಲ್ಲಿ ಬಾನಾಡಿಗಳು ಕಿರಿಚುತ್ತ ಸುತ್ತು ಹಾಕುತ್ತವೆ. ಜುಲೈ 14ರ ರಾಷ್ಟ್ರೀಯ ಹಬ್ಬದ ದಿನ ಬಾಣಬಿರುಸು ಹಾರಿಸಲು ಇಡೀ ಊರು ಹತ್ತೂವರೆಯ ತನಕ ಕತ್ತಲಿಗೆ ಕಾಯುತ್ತ ಕೂತಿರುತ್ತದೆ, ಮಕ್ಕಳು ಹೆಗಲ ಮೇಲೇ ನಿದ್ದೆ ಹೋಗಿರುತ್ತವೆ.

ಬೇಲಿಯಾಚೆಯ ಮನೆಯ ಮದಾಮ್‌ಗೆ ಎಪ್ಪತ್ತು ದಾಟಿದೆ. ಸಂಜೆ ನಮ್ಮ ಮೇಜಿಗೆ ತಾವೇ ಕುರ್ಚಿ ಹೊತ್ತು ತರುತ್ತಾರೆ. ಸಂಡಿಗೆ ಕರಿಯುವ ವಾಸನೆ ಬೇಲಿ ದಾಟುವುದಕ್ಕೂ ಅವರು ಬರುವುದಕ್ಕೂ ಸಂಬಂಧವಿಲ್ಲ ಎಂದು ತಂಗಿ ವಾದಿಸುತ್ತಾಳೆ. ಆಗಸ್ಟಿನಲ್ಲಿ ಅವರು ಪಿರೆನೀಸ್ ಬೆಟ್ಟದಡಿಯ ಹಳ್ಳಿಮನೆಗೆ ಹೋಗುವಾಗ ಬೀಗದ ಕೈಯನ್ನೂ ಟೊಮೆಟೊ ಗಿಡಗಳನ್ನೂ ನಮಗೆ ಒಪ್ಪಿಸುತ್ತಾರೆ. ನೀರು ಹಾಕುವವರೇ ಹಣ್ಣು ತಿನ್ನಬೇಕೆಂಬುದು ಕರಾರು. ಮಡಿಕೆ ಮಡಿಕೆಯಾದ, ಅಂಗೈಗೆ ಹಿಡಿಯದಷ್ಟು ದಪ್ಪದ ಹಣ್ಣು. ದಿನವೂ ಬುಟ್ಟಿ ತುಂಬುತ್ತದೆ. ತಿಂದೆವು, ಸಾರು ಮಾಡಿದೆವು, ಹಂಚಿದೆವು. ಕೊನೆಗೆ ನಾನು ದೊಡ್ಡ ಪಾತ್ರೆ ಇಟ್ಟು ಗೊಜ್ಜು ಕುದಿಸಿ ಬಾಟಲಿಗೆ ತುಂಬಿದೆ.

ತಿಂಗಳ ಕೊನೆಗೆ ಮದಾಮ್ ಬಿಸಿಲಿಗೆ ಕಂದಿ, ಒಂದು ಬುಟ್ಟಿ ಹಸಿರು ಪ್ಲಮ್ ಹಣ್ಣಿನೊಡನೆ ಬಂದರು. ಫ್ರಾನ್ಸ್ವಾ ದೊರೆಯ ಹೆಂಡತಿ ಕ್ಲೋದ್ ರಾಣಿಯ ಹೆಸರಿನ ಜಾತಿ. ನೋಡಲು ಕಾಯಿ, ಕಚ್ಚಿದರೆ ಜೇನು. ಬದಲಿಗೆ ನಾವು ಗೊಜ್ಜಿನ ಬಾಟಲಿ ಕೊಟ್ಟೆವು. ಬ್ರೆಡ್ಡಿಗೆ ಹಚ್ಚಿ ಒಂದು ತುತ್ತು ತಿಂದು, ಕಣ್ಣಲ್ಲಿ ನೀರು ತಂದುಕೊಂಡು, ಇನ್ನೊಂದು ತುತ್ತು ತಿಂದು, ಮಾಡುವ ವಿಧಾನ ಕೇಳಿದರು. ಚಿಕ್ಕವನು ದುಭಾಷಿ.

"ದೊಡ್ಡಮ್ಮಾ, ಹುಣಸೆಹಣ್ಣು ಎಷ್ಟು ಗ್ರಾಂ ಅಂತ ಕೇಳ್ತಿದ್ದಾರೆ."

"ನಿಂಬೆಗಾತ್ರ ಅನ್ನು."

ಅವನು ಹೇಳಿದ. ಅವರು ಒಳಗೆ ಹೋಗಿ ಒಂದು ನಿಂಬೆಹಣ್ಣು ತಂದು ತೋರಿಸಿದರು. ಅದು ಅಲ್ಲಿನ ನಿಂಬೆ, ನಮ್ಮದರ ಮೂರರಷ್ಟು. ಅದಲ್ಲ, ನಮ್ಮೂರಿನ ನಿಂಬೆ ಎಂದೆ. ಬೆಲ್ಲ ಎಷ್ಟು? ಹುಳಿಗೆ ತಕ್ಕಷ್ಟು. ಎಷ್ಟು ಹೊತ್ತು ಕುದಿಯಬೇಕು? ಎಣ್ಣೆ ಬಿಡುವ ತನಕ. ಬರೆದುಕೊಳ್ಳಲು ತಂದ ಪುಸ್ತಕದಲ್ಲಿ ಅವರು ಇನ್ನೂ ಒಂದಕ್ಷರ ಬರೆದಿರಲಿಲ್ಲ.

ಮರುದಿನ ಬೆಳಿಗ್ಗೆ ಒಂಬತ್ತಕ್ಕೇ ಅಡಿಗೆಮನೆಯ ತಕ್ಕಡಿ ಹಿಡಿದು ಬಾಗಿಲಿಗೆ ಬಂದರು. ನಾನು ಪಾತ್ರೆಗೆ ಏನು ಹಾಕಿದರೂ ಮೊದಲು ಅವರ ತಟ್ಟೆಗೆ ಹಾಕಬೇಕು, ಅವರು ಅಂಕೆ ಓದಬೇಕು, ಚಿಕ್ಕವನು ಕೂಗಬೇಕು, ಆಮೇಲೆ ಒಲೆಗೆ. ಸಾಸಿವೆ ಆಯಿತು, ಮೆಂತ್ಯ ಆಯಿತು, ಮೆಣಸಿನಪುಡಿಯ ಅಂಕೆ ನೋಡಿ ಅವರು ಎರಡು ಸಲ ಕೇಳಿದರು. ಇಂಗಿನ ಸರದಿ ಬಂತು. ಚಿಟಿಕೆ ಇಂಗನ್ನು ತಟ್ಟೆಗೆ ಉದುರಿಸಿದೆ. ತಕ್ಕಡಿ ಸೊನ್ನೆ ತೋರಿಸಿತು. ಕನ್ನಡಕ ಸರಿಮಾಡಿಕೊಂಡು ಇನ್ನೊಮ್ಮೆ ನೋಡಿ, ಮದಾಮ್ ಇಂಗು ಎಂದು ಕೇಳಿಕೊಂಡು ಬರೆದು, ಅದರ ಮುಂದೆ ನೀಟಾಗಿ ಸೊನ್ನೆ ಗ್ರಾಂ ಎಂದು ದಾಖಲು ಮಾಡಿದರು.